ಗೂಟದ ಮೇಲಿನ ಇಳಕಲ್ ಸೀರೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ಸೀರೆಗೆ ನಾವು ಮಕ್ಕಳು ಹೆದರುತ್ತಿದ್ದೆವು. ಅದು ಅವ್ವನ ಇಳಕಲ್ ಸೀರೆ. ಅಡುಗೆಮನೆಯ ಬಾಗಿಲ ಪಕ್ಕದ ಗೂಟಕ್ಕೆ ತೂಗುಬಿದ್ದಿತ್ತು. ಅದನ್ನು ಯಾರೂ ಮುಟ್ಟಬಾರದೆಂದು ಅಪ್ಪ ಹೇಳಿದ್ದ.

ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿದ್ದರಿಂದ ನಾವು ಧಾರವಾಡ ಬಿಟ್ಟು ಪುಣೆಗೆ ಬಂದಿದ್ದೆವು. ನಾನಾ ಪೇಟೆಯಲ್ಲಿ ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ ನಮಗೆ ಎರಡು ಕೋಣೆ. ನಡುವಿನ ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದು ನಳ, ಅದರ ಪಕ್ಕದಲ್ಲಿ ಬಟ್ಟೆ ಒಗೆಯುವ ಕರಿಕಲ್ಲು. ಹೊರಗೆ ಕಾಲಿಟ್ಟರೆ ಮರಾಠಿ. ಭಾನುವಾರ ಚರ್ಚಿನಲ್ಲಿ ಹಾಡುವುದೂ ಮರಾಠಿಯಲ್ಲೇ. ಅವ್ವ ಮಾತ್ರ ದೇವರ ಹತ್ತಿರ ಕನ್ನಡದಲ್ಲೇ ಮಾತನಾಡುತ್ತಿದ್ದಳು, ಅದೂ ಕೆಲಸ ಮಾಡುತ್ತಲೇ. ಕಸ ಗುಡಿಸುವಾಗ, "ಕರ್ತನೇ, ನನ್ನ ಮನಸಿನಾಗಿನ ಕಸಾನೂ ತಗದ ಹಾಕು" ಎನ್ನುವಳು. ಬಟ್ಟೆ ಒಗೆಯುವಾಗ ಯಾರ ಬಟ್ಟೆಯೋ ಅವರ ಹೆಸರು ಹೇಳಿ ಬೇಡುವಳು. ಅಪ್ಪನ ಅಂಗಿಯ ತೋಳು ತಿಕ್ಕುತ್ತ, "ಈ ಕೈಗೆ ಶಕ್ತಿ ಕೊಡು." ನನ್ನ ಲಂಗದ ಅಂಚು ತಿಕ್ಕುತ್ತ, "ಈ ಕಾಲು ಎಲ್ಲೂ ಎಡವದ್ಹಂಗ ನೋಡ್ಕೋ."

"ಪ್ರಾರ್ಥನಾ ಚರ್ಚಿನಾಗ ಮಾಡೋದಲ್ಲೇನವ್ವಾ?" ಎಂದು ಅಕ್ಕ ಒಮ್ಮೆ ಕೇಳಿದ್ದಳು.

"ಚರ್ಚಿಗೆ ವಾರಕ್ಕೊಮ್ಮೆ ಹೋಗ್ತೀವಿ. ಅರಿವಿ ದಿನಾ ಒಗೀತೀವಿ. ಉಳದ ದಿನ ದೇವರ ಜೋಡಿ ಮಾತ ಬಿಡೂಣೇನು?" ಎಂದು ಅವ್ವ ನಕ್ಕಿದ್ದಳು.

ಆ ಬೇಸಿಗೆಯಲ್ಲಿ ಅವ್ವನಿಗೆ ವಿಷಮಜ್ವರ ಬಂತು. ಆಸ್ಪತ್ರೆಗೆ ಹೊರಡುವ ಮೊದಲು ಉಟ್ಟ ಸೀರೆ ಬಿಚ್ಚಿ ಗೂಟಕ್ಕೆ ಹಾಕಿ, ಬೇರೆ ಉಟ್ಟು ಟಾಂಗಾ ಹತ್ತಿದಳು. ತಿರುಗಿ ಬರಲಿಲ್ಲ.

ಅಂದಿನಿಂದ ಅಪ್ಪ ಪ್ರಾರ್ಥನೆ ಬಿಟ್ಟ. ತಾಟಿನ ಮುಂದೆ ಕೈ ಜೋಡಿಸದೆ ರೊಟ್ಟಿ ಮುರಿಯುತ್ತಿದ್ದ. ಕೆಲಸದಿಂದ ಬಂದವನೇ ಆ ಗೂಟದ ಎದುರು ಗೋಡೆಗೊರಗಿ ಕೂರುತ್ತಿದ್ದ. ಒಮ್ಮೊಮ್ಮೆ ಎದ್ದು ಸೀರೆಯ ಸೆರಗಿಗೆ ಮುಖ ಒತ್ತಿ ಉಸಿರೆಳೆಯುತ್ತಿದ್ದ. ಅದರಲ್ಲಿ ಇನ್ನೂ ಅವ್ವನ ವಾಸನೆಯಿತ್ತು: ಒಲೆಯ ಹೊಗೆ, ಕೊಬ್ಬರಿ ಎಣ್ಣೆ, ಬೆವರು. ಕಿಟಕಿಯಿಂದ ಗಾಳಿ ಬಂದಾಗ ಸೀರೆ ಉಬ್ಬಿ, ಅಲ್ಲಿ ಯಾರೋ ನಿಂತು ನಮ್ಮ ಕಡೆ ತಿರುಗಿದಂತಾಗುತ್ತಿತ್ತು. ನೀರು ಕುಡಿಯಬೇಕೆಂದರೂ ನಾನು ಆ ಬಾಗಿಲನ್ನು ಕಣ್ಣು ಮುಚ್ಚಿಕೊಂಡೇ ದಾಟುತ್ತಿದ್ದೆ.

ಮಳೆಗಾಲ ಹಿಡಿಯಿತು. ಪುಣೆಯ ಜಿಟಿಜಿಟಿ ಮಳೆಗೆ ಗೋಡೆಗಳೆಲ್ಲ ತಣ್ಣಗೆ ಬೆವರಿದವು. ಒಂದು ದಿನ ಸೀರೆಯ ಮಡಿಕೆಗಳಲ್ಲಿ ಬೂಷ್ಟಿನ ಕಪ್ಪು ಚುಕ್ಕೆ ಕಂಡು ಅಕ್ಕ ಅಲ್ಲೇ ನಿಂತುಬಿಟ್ಟಳು.

"ಅವ್ವ ಒಂದಿನಾನೂ ಹೊಲಸ ಸೀರಿ ಉಟ್ಟಾಕಿ ಅಲ್ಲ" ಎಂದಳು. "ಆಕೀ ಸೀರಿ ಹಿಂಗ ಕೊಳಿಲಿಕ್ಕೆ ಬಿಡಬಾರದು."

"ಅಪ್ಪ ಸಿಟ್ಟಾಗ್ತಾನ" ಎಂದೆ.

"ಆಗಲಿ" ಎಂದಳು. ಗೂಟದಿಂದ ಸೀರೆ ತೆಗೆದಳು.

ಮಧ್ಯಾಹ್ನ ಮಳೆ ಹೊಳವಾಯಿತು. ಅಕ್ಕ ಅಂಟುವಾಳದ ನೊರೆ ಮಾಡಿಕೊಂಡು ಮೊದಲು ನಮ್ಮ ಬಟ್ಟೆಗಳನ್ನು ಒಗೆದಳು, ಅವ್ವನ ಹಾಗೆಯೇ ಒಬ್ಬೊಬ್ಬರ ಹೆಸರು ಹೇಳುತ್ತ. ನಾನು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದೆ. ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದಿನ ನಡುವೆ ನನ್ನ ಹೆಸರು ಕೇಳಿಸಿತು. ಅದು ಅವ್ವನ ಧ್ವನಿ! ಥಟ್ಟನೆ ತಿರುಗಿ ನೋಡಿದರೆ ಅಲ್ಲಿದ್ದವಳು ಅಕ್ಕ, ಕೈಯಲ್ಲಿ ನನ್ನ ಲಂಗ.

ಕೊನೆಗೆ ಸೀರೆಯನ್ನು ನೀರಿಗೆ ಹಾಕಿದಳು. ಸತ್ತವರಿಗಾಗಿ ಬೇಡಿಕೊಳ್ಳುವ ರೂಢಿ ನಮ್ಮ ಚರ್ಚಿನಲ್ಲಿರಲಿಲ್ಲ. ಈ ಬಟ್ಟೆಗೆ ಏನೆಂದು ಹೇಳಬೇಕೋ ಅವಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ವಾಡೆಯ ಬಾಗಿಲಲ್ಲಿ ಅಪ್ಪ ಕಾಣಿಸಿದ. ಅಂದು ಬೇಗ ಬಂದಿದ್ದ. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ! ಅವನೂ ಆ ಧ್ವನಿ ಕೇಳಿದ್ದನೆಂದು ಮುಖ ನೋಡಿದ ಕೂಡಲೇ ಗೊತ್ತಾಯಿತು. ಅವನ ಕಣ್ಣುಗಳು ಅಂಗಳದಲ್ಲೆಲ್ಲ ಯಾರನ್ನೋ ಹುಡುಕಿ, ಬಕೆಟಿನಲ್ಲಿದ್ದ ಸೀರೆಯ ಮೇಲೆ ನಿಂತವು. ಹೊಡೆದೇಬಿಡುತ್ತಾನೆ ಎಂದುಕೊಂಡೆ.

ಅಕ್ಕ ಏಳಲಿಲ್ಲ. "ಅಪ್ಪಾ, ಇದಕ್ಕ ಏನಂತ ಪ್ರಾರ್ಥನಾ ಮಾಡ್ಲಿ? ನನಗ ತಿಳೀವಲ್ದು. ನೀನ ಹೇಳು" ಎಂದಳು.

ನಳ ತೊಟ್ಟಿಕ್ಕುತ್ತಿತ್ತು. ಅಪ್ಪ ಬೂಟು ಬಿಚ್ಚಿ, ಒದ್ದೆ ನೆಲದ ಮೇಲೆ ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತ. ಗಂಡಸರು ಆ ಕಲ್ಲಿನ ಹತ್ತಿರ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಸೀರೆಯನ್ನು ತಾನೇ ತೆಗೆದುಕೊಂಡು ತಿಕ್ಕತೊಡಗಿದ.

"ಆಕೀಗಿ ಈಗ ಏನೂ ಬೇಕಾಗಿಲ್ಲ, ಮಗಳ" ಎಂದ ಅಕ್ಕನಿಗೆ. ಆಮೇಲೆ ತಲೆ ಬಗ್ಗಿಸಿ ಹೇಳಿದ: "ಕರ್ತನೇ, ನೀ ಕರಕೊಂಡಾಕೀನ್ನ ನಾ ಇಲ್ಲೇ ಹಿಡಕೊಂಡ ಕುಂತಿದ್ದೆ. ಭಾಳ ಗಟ್ಟಿ ಹಿಡಿದಿದ್ದೆ. ಈಗ ಬಿಡ್ತೀನಿ. ಈ ಎರಡು ಕೂಸುಗಳನ್ನರೆ ನನಗ ಬಿಡು."

ಅಪ್ಪ ಒಂದು ತುದಿ, ಅಕ್ಕ ಒಂದು ತುದಿ ಹಿಡಿದು ಸೀರೆ ಹಿಂಡಿದರು. ಆಮೇಲೆ ಅಪ್ಪ ಸೆರಗನ್ನು ಮುಖಕ್ಕೆ ಒತ್ತಿಕೊಂಡ. ಬರೀ ಅಂಟುವಾಳದ ವಾಸನೆ. ಆಗ ಅಳು ಒಡೆಯಿತು. ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದು. ಸಂಜೆ ತಾಟಿನ ಮುಂದೆ ಕೈ ಜೋಡಿಸಿದ. ಮಾತು ಸಣ್ಣಗೆ, ತಡೆದು ತಡೆದು ಬಂತು, ಆದರೆ ಬಂತು.

ಗೂಟ ಬರಿದಾಯಿತು, ನನ್ನ ಹೆದರಿಕೆಯೂ ಹೋಯಿತು. ಆದರೆ ಮನೆಯಿಂದ ಅವ್ವ ಪೂರ್ತಿ ಹೋದಳೆನ್ನಲಾರೆ. ನಳದ ಹತ್ತಿರ ಅಕ್ಕ ನಮ್ಮ ಹೆಸರು ಹೇಳುತ್ತ ಬಟ್ಟೆ ಬಡಿಯುವಾಗ, ಒಳಗಿದ್ದ ಅಪ್ಪ ತಟ್ಟನೆ ತಲೆ ಎತ್ತುತ್ತಿದ್ದ. ಒಂದು ಗಳಿಗೆ ಮುಖ ಬೆಳಗುತ್ತಿತ್ತು. ಮತ್ತೆ ಮೆಲ್ಲಗೆ ತಲೆ ತಗ್ಗಿಸುತ್ತಿದ್ದ. ಅಕ್ಕನ ಮದುವೆಯಾಗುವವರೆಗೂ ಹಾಗೇ ಇತ್ತು.

ಮೊಮ್ಮಕ್ಕಳೇ, ಪುಣೆಯ ಅಂಚಿನ ನಿಮ್ಮ ಖರಾಡಿಯ ಮನೆಯಲ್ಲಿ ಬಟ್ಟೆಗಳು ಯಂತ್ರದೊಳಗೆ ತಮ್ಮಷ್ಟಕ್ಕೆ ತಿರುಗುತ್ತವೆ. ನಿಮ್ಮ ಅಮ್ಮ ಊರಲ್ಲಿಲ್ಲದ ದಿನ ಫೋನು ಒತ್ತಿದರೆ ಸಾಕು, ಅವಳ ಮುಖ, ಅವಳ ಮಾತು, ನಗು ಎಲ್ಲ ಅಂಗೈಯಲ್ಲೇ ಬರುತ್ತದೆ. ನನ್ನ ಅವ್ವನ ಒಂದು ಫೋಟೋ ಕೂಡ ಇಲ್ಲ. ಮುಖ ಮರೆತೇ ಹೋಗಿದೆ. ನೀವು ಶಾಲೆಗೆ, ದೊಡ್ಡವರು ಆಫೀಸಿಗೆ ಹೋದ ಮೇಲೆ, ಯಂತ್ರ ಗರಗರ ತಿರುಗಿ ಒಮ್ಮೆಲೇ ನಿಲ್ಲುತ್ತದಲ್ಲ, ಆಗ ಇಡೀ ಮನೆ ನಿಶ್ಶಬ್ದವಾಗುತ್ತದೆ. ನಾನು ಕೂಡಲೇ ಏಳುವುದಿಲ್ಲ. ಯಾರಾದರೂ ನನ್ನ ಹೆಸರು ಹೇಳಿ ಕರೆದಾರೇನೋ ಎಂದು ಸ್ವಲ್ಪ ಹೊತ್ತು ಹಾಗೇ ಕೂತಿರುತ್ತೇನೆ.