ತಂಪಣ್ಣನ ಬೆಚ್ಚನೆಯ ಪೆಟ್ಟಿಗೆ

ನಮ್ಮ ದೊಡ್ಡಪ್ಪನನ್ನು ಬೀದಿಯವರೆಲ್ಲ ತಂಪಣ್ಣ ಎಂದೇ ಕರೆಯುತ್ತಾರೆ. ಇಪ್ಪತ್ತೆಂಟು ವರ್ಷಗಳಿಂದ ಫ್ರಿಜ್ ರಿಪೇರಿ ಮಾಡುತ್ತಿದ್ದಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾಲ್ಕು ಹಳೆಯ ಫ್ರಿಜ್‌ಗಳ ನಡುವೆ ಅಡ್ಡ ತಿರುಗಿ ನುಸುಳಿದರೆ ಮಾತ್ರ ಅವರ ಮೇಜು ಸಿಗುತ್ತದೆ. ಒಬ್ಬರ ಕೆಲಸ ಹಿಡಿದರೆ ಅದು ಮುಗಿಯುವವರೆಗೆ ಅವರು ಇನ್ನೊಬ್ಬರ ಕಡೆ ತಿರುಗುವುದಿಲ್ಲ. ಬಂದವರು ಫ್ರಿಜ್ ವಿಷಯ ಬಿಟ್ಟು ಅಳಿಯನ ವಿಷಯಕ್ಕೆ ಹೋದರೂ ಪೂರ್ತಿ ಕೇಳುತ್ತಾರೆ. ಹಿಂದೆ ನಿಂತವರು ಕೆಮ್ಮಿದರೆ, "ಅವರದು ಮುಗೀಲಿ, ಆಮೇಲೆ ನೀವೇ" ಎನ್ನುತ್ತಾರೆ. ಜನ ಗೊಣಗುತ್ತಾರೆ, ಆದರೆ ಬೇರೆ ಅಂಗಡಿಗೆ ಹೋಗುವುದಿಲ್ಲ.

ಕಳೆದ ವರ್ಷ ಒಂದು ಬೆಳಗ್ಗೆ ಮೊಟ್ಟೆಯಕ್ಕ ಬುಟ್ಟಿ ಹಿಡಿದು ಬಂದರು. ಬೀದಿಗೆಲ್ಲ ಮೊಟ್ಟೆ ಕೊಡುತ್ತಿದ್ದವರು ಅವರೇ. ನಾಯಿಗಳು ಗೂಡಿಗೆ ನುಗ್ಗಿ ಒಂದು ಕೋಳಿಯನ್ನೂ ಉಳಿಸಿರಲಿಲ್ಲ. ಬುಟ್ಟಿಯಲ್ಲಿ ಇಪ್ಪತ್ತಮೂರು ಮೊಟ್ಟೆಗಳಿದ್ದವು.

"ಕಾವು ಕೊಡೋಕೆ ಒಂದು ಕೋಳಿನೂ ಇಲ್ಲ ಅಣ್ಣ. ನಮ್ಮಮ್ಮ ಸಾಕಿದ ತಳಿ ಇದು. ಇವೂ ಹೋದ್ರೆ ಮುಗೀತು."

"ಅದಕ್ಕೆ ಫ್ರಿಜ್ ರಿಪೇರಿಯವನ ಹತ್ರ ಬಂದ್ಯಾ?"

"ತಣ್ಣಗಿಡೋಕೆ ಬರೋರಿಗೆ ಬೆಚ್ಚಗಿಡೋಕೆ ಬರಲ್ವಾ?"

ಆ ಮಾತು ದೊಡ್ಡಪ್ಪನಿಗೆ ಹಿಡಿಸಿತು. ಹೊರಗಿನ ಬಿಸಿಯನ್ನು ಒಳಗೆ ಬಿಡದ ಗೋಡೆ ಒಳಗಿನ ಬಿಸಿಯನ್ನೂ ಹೊರಗೆ ಬಿಡುವುದಿಲ್ಲ. ಕೆಟ್ಟ ಫ್ರಿಜ್ ಒಂದರೊಳಗೆ ಬಲ್ಬು, ಸಣ್ಣ ಫ್ಯಾನು, ನೀರಿನ ತಟ್ಟೆ ಇಟ್ಟರು. ಬಾಗಿಲಿಗೆ ಅಂಗೈಯಗಲದ ಗಾಜು ಕೂರಿಸಿದರು. ಬಲ್ಬನ್ನು ಹಚ್ಚಿ ಆರಿಸಲು ಬೆರಳುದ್ದದ ಮೈಕ್ರೊಕಂಟ್ರೋಲರ್ ಬೋರ್ಡ್ ಒಂದನ್ನು ಜೋಡಿಸಿದರು. ಅದು ಒಂದೇ ಒಂದು ಪ್ರೋಗ್ರಾಂ ನಡೆಸುವ ಪುಟ್ಟ ಕಂಪ್ಯೂಟರು. ಒಳಗಿನ ಬಿಸಿ ಮೂವತ್ತೇಳೂವರೆ ಡಿಗ್ರಿಗಿಂತ ಕೆಳಗಿಳಿದರೆ ಬಲ್ಬು ಹಚ್ಚಬೇಕು, ದಾಟಿದರೆ ಆರಿಸಬೇಕು. ಯಾರಾದರೂ ಫೋನಿನಲ್ಲಿ ಅದರ ಪುಟ ತೆರೆದರೆ ಬಿಸಿ ಎಷ್ಟೆಂದು ಹೇಳಬೇಕು. ಪ್ರೋಗ್ರಾಂ ಬರೆಯುವುದನ್ನು ದೊಡ್ಡಪ್ಪ ಐವತ್ತು ದಾಟಿದ ಮೇಲೆ, ಒಂದೊಂದೇ ಸಾಲು ಓದಿ ಕಲಿತವರು.

ಮೊಟ್ಟೆಯಕ್ಕ ಊರಾಚೆಯ ಬಟ್ಟೆ ಕಾರ್ಖಾನೆಗೆ ಗುಂಡಿ ಹೊಲಿಯಲು ಸೇರಿಕೊಂಡರು. ಅಲ್ಲಿಂದಲೇ ನೋಡಲಿ ಎಂದು ದೊಡ್ಡಪ್ಪ ಪುಟದ ವಿಳಾಸ ಕೊಟ್ಟರು. ಅವರು ಅದನ್ನು ಬೀದಿಗೆಲ್ಲ ಹಂಚಿದರು.

ಒಂಬತ್ತನೇ ದಿನ ದೊಡ್ಡಪ್ಪ ಒಂದು ಮೊಟ್ಟೆಯನ್ನು ಟಾರ್ಚಿನ ಮುಂದೆ ಹಿಡಿದಾಗ ಒಳಗೆ ಏನೋ ಮಿಸುಕಿತು. ಸುದ್ದಿ ಹಬ್ಬಿತು. ಕಂಡಕಂಡವರೆಲ್ಲ ಒಟ್ಟಿಗೆ ಪುಟ ತೆರೆದರು. ಎಲ್ಲರ ಫೋನಿನಲ್ಲೂ ಚಕ್ರ ತಿರುಗುತ್ತಲೇ ಇತ್ತು. ದೊಡ್ಡಪ್ಪ ಅನುಮಾನದಿಂದ ಬಾಗಿಲು ತೆಗೆದರೆ ಮುಖಕ್ಕೆ ಝಳ ಬಡಿಯಿತು. ಬಲ್ಬು ಉರಿಯುತ್ತಲೇ ಇತ್ತು. ಒಳಗಿಟ್ಟಿದ್ದ ಗಾಜಿನ ಥರ್ಮಾಮೀಟರಿನಲ್ಲಿ ನಲವತ್ತು ದಾಟಿತ್ತು.

ಮರುದಿನ ಟಾರ್ಚು ಹಿಡಿದು ನೋಡಿದಾಗ ನಾಲ್ಕು ಮೊಟ್ಟೆಗಳಲ್ಲಿ ಚಲನೆಯೇ ಇರಲಿಲ್ಲ.

ತಪ್ಪು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ದೊಡ್ಡಪ್ಪ ಬೋರ್ಡಿಗೆ ತಮ್ಮದೇ ಅಭ್ಯಾಸ ಕಲಿಸಿದ್ದರು. ಒಂದು ಫೋನು ಕೇಳಿದರೆ ಅದು ಒಳಗೆ ಹೋಗಿ ಬಿಸಿ ಅಳೆದು, ಉತ್ತರ ಕೊಟ್ಟು, ಆ ಫೋನು ಪೂರ್ತಿ ತೆಗೆದುಕೊಳ್ಳುವವರೆಗೂ ಕಾಯುತ್ತಿತ್ತು. ಬೀದಿಯ ಕೊನೆಯ ಮನೆಯಲ್ಲಿ ಸಿಗ್ನಲ್ ಕಡಿಮೆ. ಆ ಒಂದು ಫೋನಿನ ಮುಂದೆ ಬೋರ್ಡು ಕೈಕಟ್ಟಿ ನಿಂತಿತ್ತು. ಬಲ್ಬು ಆರಿಸುವ ಸರದಿ ಬರಲೇ ಇಲ್ಲ.

ಅವರು ಪುಟ ನಿಲ್ಲಿಸಿಬಿಟ್ಟರು. ಆಗ ಮೊಟ್ಟೆಯಕ್ಕ ಗಂಟೆಗೊಂದು ಸಲ ಫೋನ್ ಮಾಡತೊಡಗಿದರು.

"ಕೆಲಸದಲ್ಲಿ ಸೂಜಿ ಬೆರಳಿಗೇ ಹೋಗ್ತಿದೆ ಅಣ್ಣ. ನಂಬರ್ ಕಾಣೋ ಹಾಗೆ ಮಾಡಿ. ಆದ್ರೆ ನಿಜವಾದ ನಂಬರ್ ಮಾಡಿ."

ಹದಿನೆಂಟನೇ ದಿನದಿಂದ ಬಾಗಿಲು ತೆಗೆಯುವಂತಿರಲಿಲ್ಲ, ಒಳಗಿನ ತೇವ ಹೋಗಿಬಿಡುತ್ತದೆ. ಅಷ್ಟರೊಳಗೆ ಬೋರ್ಡು ನಂಬಿಕೆಗೆ ಬರಬೇಕಿತ್ತು.

ದೊಡ್ಡಮ್ಮ ಆಸ್ಪತ್ರೆಯಲ್ಲಿ ಎಳೆಮಕ್ಕಳ ವಾರ್ಡಿನ ನರ್ಸ್. ಸೀರೆ ಮಡಿಸುತ್ತಾ ಇದನ್ನೆಲ್ಲ ಕೇಳಿದರು.

"ರೀ, ನಮ್ಮ ವಾರ್ಡಿನ ಬಾಗಿಲಿಗೆ ಹತ್ತು ಜನ ಬಂದು ಮಗು ಹೇಗಿದೆ ಅಂತಾರೆ. ಒಬ್ಬೊಬ್ಬರಿಗೂ ಒಳಗೆ ಹೋಗಿ ಜ್ವರ ನೋಡಿ ಬರ್ತೀನಾ? ಹೊತ್ತು ಹೊತ್ತಿಗೆ ನೋಡಿ ಹಲಗೆ ಮೇಲೆ ಬರೀತೀನಿ. ಕೇಳಿದೋರಿಗೆ ಅದನ್ನ ಹೇಳ್ತೀನಿ."

"ಮಾತು ಮುಗಿಸದೇ ನಿಂತಿರೋರು ಇದ್ರೆ?"

"'ಯೋಚನೆ ಮಾಡ್ತಿರಿ, ಬಂದೆ' ಅಂತ ಇನ್ನೊಬ್ಬರ ಕಡೆ ತಿರುಗ್ತೀನಿ."

"ಎದುರಿಗೆ ಇರೋರನ್ನ ಅರ್ಧಕ್ಕೆ ಬಿಡೋದು ಮರ್ಯಾದೆನಾ?"

"ಒಳಗಿರೋ ಮಗೂನ ಬಿಡೋದು ಮರ್ಯಾದೆನಾ?"

ದೊಡ್ಡಪ್ಪ ಎದ್ದು ಹೋಗಿ ಇನ್ನೊಂದು ಬೋರ್ಡನ್ನೂ ಬಲ್ಬನ್ನೂ ಮೇಜಿನ ಮೇಲಿಟ್ಟುಕೊಂಡರು.

ಹೊಸ ಪ್ರೋಗ್ರಾಮಿನಲ್ಲಿ ಬೋರ್ಡು ಎರಡು ಸೆಕೆಂಡಿಗೊಮ್ಮೆ ಬಿಸಿ ನೋಡುತ್ತದೆ, ಬಲ್ಬಿನ ಕೆಲಸ ಮುಗಿಸುತ್ತದೆ, ಅಂಕಿಯನ್ನು ಒಂದು ಕಡೆ ಬರೆದಿಡುತ್ತದೆ. ಯಾರೇ ಕೇಳಲಿ, ಆ ಅಂಕಿಯನ್ನೇ ಕೊಡುತ್ತದೆ. ಫೋನು ನಿಧಾನವಾದರೆ ಎಲ್ಲಿಯವರೆಗೆ ಕೊಟ್ಟಿದ್ದೆ ಎಂದು ಗುರುತು ಮಾಡಿಕೊಂಡು ಮುಂದಿನದರ ಕಡೆ ಹೋಗುತ್ತದೆ. ಮತ್ತೆ ಸುತ್ತಿ ಬಂದಾಗ ಉಳಿದದ್ದನ್ನು ಕೊಡುತ್ತದೆ.

ಪರೀಕ್ಷೆ ಮಾಡಲು ಬೀದಿಯ ಹದಿನಾರು ಜನರನ್ನು ಅಂಗಡಿಯ ಮುಂದೆ ನಿಲ್ಲಿಸಿದರು.

"ಒಂದು, ಎರಡು, ಮೂರು, ಒತ್ತಿ!"

"ನಗಬೇಕಾ ತಂಪಣ್ಣ? ಗ್ರೂಪ್ ಫೋಟೋ ಇದ್ದ ಹಾಗಿದೆ" ಎಂದರು ಎದುರುಮನೆ ಟೈಲರ್.

ಬೋರ್ಡು ನಗಿಸಲಿಲ್ಲ. ಒಮ್ಮೆ ಮಿನುಗಿ, ಸತ್ತು, ಮತ್ತೆ ಮೊದಲಿನಿಂದ ಶುರುವಾಯಿತು. ಹದಿನಾರು ಜನರ ಗುರುತು ಇಟ್ಟುಕೊಳ್ಳುವಷ್ಟು ಜಾಗ ಅದರ ನೆನಪಿನಲ್ಲಿ ಇರಲಿಲ್ಲ. ಎಂಟೇ ಜನ ಎಂದು ಮಿತಿ ಹಾಕಬೇಕಾಯಿತು. ಹತ್ತು ಸೆಕೆಂಡಿನಲ್ಲಿ ತೆಗೆದುಕೊಳ್ಳದವರನ್ನು ಬಿಟ್ಟುಬಿಡಬೇಕಾಯಿತು. ಆ ಸಾಲು ಬರೆಯುವಾಗ ದೊಡ್ಡಪ್ಪನ ಮುಖ ಸಣ್ಣದಾಗಿತ್ತು. ಒಂಬತ್ತನೆಯವರಿಗೆ ಎಂದು, "ದಯವಿಟ್ಟು ಸ್ವಲ್ಪ ತಾಳಿ, ನಾನೇ ಮತ್ತೆ ಕೇಳಿ ಹೇಳುತ್ತೇನೆ" ಎಂಬ ಮಾತು ಸೇರಿಸಿದರು. ಅದನ್ನು ಕಂಡ ಫೋನು ಮೂರು ಸೆಕೆಂಡು ಬಿಟ್ಟು ತಾನಾಗಿಯೇ ಮತ್ತೆ ಕೇಳುತ್ತದೆ.

ಎರಡನೇ ಪರೀಕ್ಷೆಯಲ್ಲಿ ಎಂಟು ಫೋನಿಗೆ ತಕ್ಷಣ ಅಂಕಿ ಬಂತು, ಉಳಿದವಕ್ಕೆ ಸ್ವಲ್ಪ ತಡವಾಗಿ. ಅಷ್ಟು ಹೊತ್ತೂ ಬಲ್ಬು ತನ್ನ ಪಾಡಿಗೆ ಹತ್ತಿ ಆರುತ್ತಿತ್ತು. ಹದಿನೈದನೇ ದಿನ ಅದೇ ಪ್ರೋಗ್ರಾಂ ಪೆಟ್ಟಿಗೆಗೆ ಹೋಯಿತು.

ಮೊಟ್ಟೆಯಕ್ಕನಿಗೆ ಮಾತ್ರ ನಂಬಿಕೆ ಬರಲಿಲ್ಲ. ಪುಟ ನೋಡಿ, ಕೂಡಲೇ ಫೋನ್ ಮಾಡಿ, "ಮೂವತ್ತೇಳೂವರೆ ಅಂತಿದೆ, ಗಾಜಿನದರಲ್ಲಿ ಎಷ್ಟಿದೆ?" ಎಂದು ಕೇಳುತ್ತಿದ್ದರು. ದೊಡ್ಡಪ್ಪ ಪ್ರತಿ ಸಲವೂ ಬಾಗಿಲ ಗಾಜಿಗೆ ಕಣ್ಣು ಹಚ್ಚಿ, ಒಳಗಿನ ಥರ್ಮಾಮೀಟರ್ ನೋಡಿ ಹೇಳುತ್ತಿದ್ದರು.

ಇಪ್ಪತ್ತೊಂದನೇ ದಿನ ಬೆಳಗ್ಗೆ ಮೊದಲ ಮೊಟ್ಟೆ ಬಿರುಕು ಬಿಟ್ಟಿತು. ಬೀದಿಯವರೆಲ್ಲ ಪುಟ ತೆರೆದರು, ಅಂಗಡಿಗೂ ಬಂದರು. ಗಾಜಿನ ಮುಂದೆ ಜಾಗ ಸಿಗದವರು ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಫೋನು ನೋಡುತ್ತಿದ್ದರು. ದೊಡ್ಡಪ್ಪ ಮಾತ್ರ ತಮ್ಮ ಫೋನನ್ನು ಕೈಯಲ್ಲೇ ಹಿಡಿದಿದ್ದರು. ಹತ್ತು ಗಂಟೆಯಾಯಿತು, ಹನ್ನೆರಡಾಯಿತು. ಮೊಟ್ಟೆಯಕ್ಕನ ಕರೆ ಬರಲಿಲ್ಲ.

ಮೂರು ಗಂಟೆಗೆ ಅವರೇ ಬಂದರು. ಅವಸರವಿಲ್ಲದೆ ನಡೆದು, ಹಳೆಯ ಬಟ್ಟೆ ಹಾಸಿದ ರಟ್ಟಿನ ಡಬ್ಬಿಯೊಂದನ್ನು ಹಿಡಿದುಕೊಂಡು.

"ಇವತ್ತೇ ಫೋನ್ ಮಾಡ್ಲಿಲ್ಲವಲ್ಲ ನೀನು! ನನಗೆ ಇಲ್ಲಿ ಜೀವ ಬಾಯಿಗೆ ಬಂದಿತ್ತು" ಎಂದರು ದೊಡ್ಡಪ್ಪ.

"ಯಾಕಣ್ಣ? ನಂಬರ್ ಬರ್ತಾನೇ ಇತ್ತಲ್ಲ" ಎಂದು ಮೊಟ್ಟೆಯಕ್ಕ ಗಾಜಿನ ಹತ್ತಿರ ಬಗ್ಗಿದರು. ಒಳಗೆ ಹದಿನಾರು ಮರಿಗಳು ಒದ್ದೆ ಪುಕ್ಕ ಕೆದರಿಕೊಂಡು ಒಂದರ ಮೇಲೊಂದು ಬೀಳುತ್ತಿದ್ದವು. ಅವರು ಬೆರಳಿಟ್ಟು ಎಣಿಸಿದರು, ತಪ್ಪಿತು, ಮತ್ತೆ ಎಣಿಸಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಡಬ್ಬಿ ಮುಂದೆ ಹಿಡಿದರು.

"ತೆಗೀರಿ ಬಾಗಿಲು."

"ತಡಿ ತಡಿ" ಎಂದರು ದೊಡ್ಡಪ್ಪ. "ಮೂಲೇಲಿ ಇನ್ನೊಂದು ಕುಟ್ತಾ ಇದೆ."