ಎರಡನೇ ಲೋಟ

ಹೋದ ವಾರ ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಗ ಯಾರದೋ ಮನೆಯ ಟ್ಯಾಂಕು ತುಂಬಿ ಹರಿಯುತ್ತಿತ್ತು. ಬಿಸಿಲಿಗೆ ಕಾದ ತಾರಸಿಯ ಮೇಲೆ ಬಿದ್ದ ನೀರು ಗೋಡೆಯ ಪಾಚಿಯನ್ನು ತೋಯಿಸಿಕೊಂಡು ಫುಟ್‌ಪಾತಿಗೆ ಇಳಿಯುತ್ತಿತ್ತು. ಕಾದ ಸಿಮೆಂಟು ಮತ್ತು ಒದ್ದೆ ಪಾಚಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಕ್ಕಿಬಿದ್ದವಳ ಹಾಗೆ ನಿಂತುಬಿಟ್ಟೆ. ಈಗ ಯಾರೋ ಮೆಟ್ಟಿಲು ಹತ್ತಿ ಬರುತ್ತಾರೆ, "ನೀರು ಸುಮ್ನೆ ಹೋಗ್ತಿದೆ ಕಣೇ, ಮೋಟರ್ ಆಫ್ ಮಾಡು" ಅನ್ನುತ್ತಾರೆ ಅಂತ ಕಾದೆ. ಯಾರೂ ಬರಲಿಲ್ಲ. ಹಿಂದಿನಿಂದ ಬಂದ ಸ್ಕೂಟರಿನವರು ಹಾರ್ನ್ ಹೊಡೆದು, ಪಕ್ಕಕ್ಕೆ ಸರೀರಿ ಮೇಡಂ ಅಂದರು.

ಗಿರಿನಗರದ ಆ ಮನೆಯ ಮೊದಲನೇ ಮಹಡಿಯಲ್ಲಿ ನಾನು ಒಂದು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಬಾಡಿಗೆಗಿದ್ದೆ. ಕೆಳಗೆ ಓನರ್ ಆಂಟಿ ಒಬ್ಬರೇ. ಅವರ ಹೆಸರು ಬಾಡಿಗೆ ಕರಾರಿನಲ್ಲಿ ಇತ್ತು, ಆದರೆ ಒಂದು ದಿನವೂ ಆ ಹೆಸರಿನಿಂದ ಕರೆದವಳಲ್ಲ. ಕುಳ್ಳಗೆ, ದುಂಡಗೆ, ಕಾಟನ್ ಸೀರೆಯ ಸೆರಗನ್ನು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾವುದಾದರೂ ಕೆಲಸ ಸಿಗುತ್ತದೇನೋ ಅಂತ ಹುಡುಕುತ್ತಾ ಓಡಾಡುವವರು. ವ್ಯರ್ಥವಾಗುವುದನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ನನ್ನ ಬಚ್ಚಲಿನ ಲೈಟು ಉರಿಯುತ್ತಿದ್ದರೆ ಅದು ಕೆಳಗಿದ್ದವರಿಗೆ ಹೇಗೆ ತಿಳಿಯುತ್ತಿತ್ತೋ, ಬಂದು ಆರಿಸಿ ಹೋಗುತ್ತಿದ್ದರು. ಚಪ್ಪಲಿ ಸದ್ದು ಕೇಳಿದ ಕೂಡಲೇ ನಾನೇ ಎದ್ದು ಒಂದೊಂದೇ ಸ್ವಿಚ್ಚು ನೋಡಿಕೊಂಡು ಬರುವುದು ರೂಢಿಯಾಗಿತ್ತು.

ನಾನು ಆ ಮನೆಗೆ ಬಂದದ್ದು ಬ್ರಸೆಲ್ಸ್‌ನಿಂದ. ಅಲ್ಲಿ ಮೂರು ವರ್ಷ ಒಂದು ಸಣ್ಣ ಸ್ಟುಡಿಯೋದಲ್ಲಿ ಕಾರ್ಟೂನ್ ಸಿನಿಮಾಗಳಿಗೆ ಹಿನ್ನೆಲೆ ಬಿಡಿಸುವ ಕೆಲಸ ಮಾಡುತ್ತಿದ್ದೆ. ಜೊತೆಗೆ ಇಲ್ಲಿನ ಒಂದು ಕನ್ನಡ ವಾರಪತ್ರಿಕೆಯ ಕೊನೆಯ ಪುಟಕ್ಕೆ ವಾರಕ್ಕೊಂದು ವ್ಯಂಗ್ಯಚಿತ್ರ ಕಳಿಸುತ್ತಿದ್ದೆ. 'ಮೂರನೇ ಮಹಡಿಯಿಂದ' ಅಂತ ಅದರ ಹೆಸರು. ಅದರಲ್ಲಿ ಒಬ್ಬಳು ಪರದೇಶಿ ಹುಡುಗಿ, ಉದ್ದ ಮೂಗು, ಚುಕ್ಕೆಯಂಥ ಕಣ್ಣು. ಬ್ರೆಡ್ ಅಂಗಡಿಯಲ್ಲಿ ಬೆರಳು ತೋರಿಸಿ ಬ್ರೆಡ್ ಕೊಳ್ಳುತ್ತಾಳೆ, ಅವರು ಏನೋ ಕೇಳುತ್ತಾರೆ, ಅರ್ಥವಾಗದೆ ಎಲ್ಲಕ್ಕೂ ಹೂಂ ಅನ್ನುತ್ತಾಳೆ, ಬೇಡದ್ದೆಲ್ಲ ಹೊತ್ತುಕೊಂಡು ಮಳೆಯಲ್ಲಿ ಮನೆಗೆ ಬರುತ್ತಾಳೆ. ಯಾವ ಕಸ ಯಾವ ಬಣ್ಣದ ಚೀಲಕ್ಕೆ ಅಂತ ತಿಳಿಯದೆ ಕಸ ಹಿಡಿದುಕೊಂಡೇ ಬೀದಿಯಲ್ಲಿ ನಿಂತಿರುತ್ತಾಳೆ. ಟ್ರ್ಯಾಮಿನಲ್ಲಿ ಸೀನಿ ಎಲ್ಲರ ಕ್ಷಮೆ ಕೇಳುತ್ತಾಳೆ. ದೊಡ್ಡ ದೊಡ್ಡ ಕಟ್ಟಡಗಳ ಗೋಡೆಯ ಮೇಲೆ ಕಾಮಿಕ್ಸ್ ಬಿಡಿಸಿಟ್ಟಿರುವ ಊರು ಅದು. ಅಂಥ ಊರಲ್ಲಿ ನಾನೂ ಚಿತ್ರ ಬಿಡಿಸುತ್ತೇನೆ ಅಂತ ಹೇಳಿಕೊಳ್ಳಲು ಬಾಯಿ ಬರುತ್ತಿರಲಿಲ್ಲ. ಕನ್ನಡದಲ್ಲಿ ಮಾತ್ರ ಧೈರ್ಯ.

ಸ್ಟುಡಿಯೋ ಮುಚ್ಚಿತು, ವೀಸಾ ಮುಗಿಯಿತು, ವಾಪಸ್ಸು ಬಂದೆ. ಹೋಗುವಾಗ ಎಷ್ಟು ಜಂಭದಿಂದ ಹೋಗಿದ್ದೆನೋ ಅಷ್ಟೇ ಸದ್ದಿಲ್ಲದೆ ಬಂದೆ. ಅಪ್ಪ ಅಮ್ಮನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಗುರುತಿನವರು ಯಾರೂ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಗಿರಿನಗರ ಹುಡುಕಿಕೊಂಡೆ. ಪತ್ರಿಕೆಗೂ ತಿಳಿಸಲಿಲ್ಲ. 'ಮೂರನೇ ಮಹಡಿಯಿಂದ' ನಡೆಯುತ್ತಲೇ ಇತ್ತು. ಗಿರಿನಗರದ ಮೊದಲನೇ ಮಹಡಿಯಲ್ಲಿ ಫ್ಯಾನ್ ಹಾಕಿಕೊಂಡು ಕೂತು ನಾನು ಹಿಮ ಬಿಡಿಸುತ್ತಿದ್ದೆ.

ಓನರ್ ಆಂಟಿ ಆ ಪತ್ರಿಕೆ ತರಿಸುತ್ತಿದ್ದರು. ನಾನು ಮನೆಗೆ ಬಂದ ಮೊದಲ ತಿಂಗಳಲ್ಲೇ ಅದನ್ನು ಕೊನೆಯ ಪುಟಕ್ಕೆ ಮಡಚಿ ಹಿಡಿದುಕೊಂಡು ಮೇಲೆ ಬಂದರು. "ಇದು ನೋಡಿದ್ಯಾ? ನಮ್ಮ ಕಡೆ ಹುಡುಗಿ ಕಣೇ. ಈ ವಾರ ಪಾಪ ಹೀಟರ್ ಕೆಟ್ಟೋಗಿದೆ. ಅಲ್ಲಿ ಅವಳಿಗೆ ಯಾರಿದಾರೆ ಹೇಳು." ಚಿತ್ರದ ಕೆಳಗೆ ನಾನು ಹೆಸರು ಹಾಕುತ್ತಿರಲಿಲ್ಲ, ಒಂದು ಪುಟ್ಟ ಕಾಗೆ ಬಿಡಿಸುತ್ತಿದ್ದೆ ಅಷ್ಟೆ. ಆಂಟಿಯ ಲೆಕ್ಕದಲ್ಲಿ ನಾನು ಕಂಪ್ಯೂಟರಿನಲ್ಲಿ ಏನೋ ಡಿಸೈನ್ ಮಾಡುವವಳು. ಹೌದಾ ಆಂಟಿ, ಪಾಪ, ಅಂದೆ. ಅಷ್ಟು ಹೇಳಿದ ಮೇಲೆ ನಿಜ ಹೇಳುವ ದಾರಿ ಮುಚ್ಚಿಹೋಯಿತು. ಆಮೇಲೆ ಪ್ರತಿವಾರ ಅವರು ಆ ಹುಡುಗಿಯ ಸುದ್ದಿ ನನಗೆ ತಂದು ಹೇಳುವುದು, ನಾನು ಹೊಸದಾಗಿ ಕೇಳುವುದು.

ಇನ್ನೊಂದು ವಿಷಯವಿದೆ, ಅದನ್ನು ಹೇಳುವುದಕ್ಕೇ ಕಷ್ಟ. ಬ್ರಸೆಲ್ಸ್‌ನ ನನ್ನ ಮನೆಯೊಡತಿ ಎದುರು ಸಿಕ್ಕರೂ ಮಾತಾಡದ ಹೆಂಗಸು. ಅಂಥವರಿಂದ ಒಂದು ನಗುವೂ ಹುಟ್ಟುವುದಿಲ್ಲ. ಇಲ್ಲಿಗೆ ಬಂದ ಮೇಲೆ ಸರಕು ಖಾಲಿಯಾಯಿತು. ಆಗ ಕೆಳಗಿನ ಮನೆಯಲ್ಲಿ ಸರಕು ಸಿಕ್ಕಿತು. ಆಂಟಿಗೆ ಸ್ಕರ್ಟ್ ತೊಡಿಸಿದೆ, ಕೂದಲು ಕತ್ತರಿಸಿದೆ, ಮುತ್ತಿನ ಸರ ಹಾಕಿ 'ಮದಾಮ್' ಅಂತ ಹೆಸರಿಟ್ಟೆ. ಮದಾಮ್ ಮೆಟ್ಟಿಲು ಹತ್ತಿ ಬಂದು ಲೈಟ್ ಆರಿಸುತ್ತಾಳೆ. ಹುಡುಗಿ ಸ್ನಾನ ಮಾಡುವಾಗ ಬಾಗಿಲು ಬಡಿದು ನೀರು ನಿಲ್ಲಿಸು ಅನ್ನುತ್ತಾಳೆ. ಮನೆಗೆ ಯಾರು ಬಂದರು ಅಂತ ಪರದೆ ಸರಿಸಿ ನೋಡುತ್ತಾಳೆ. ಓದುಗರು ಮದಾಮ್‌ಳನ್ನು ಎಷ್ಟು ಮೆಚ್ಚಿಕೊಂಡರು ಅಂದರೆ, ಇನ್ನೂ ಕೊಡಿ ಅಂತ ಸಂಪಾದಕರೇ ಮೇಲ್ ಕಳಿಸಿದರು.

ಎಲ್ಲರಿಗಿಂತ ಹೆಚ್ಚು ನಕ್ಕದ್ದು ಆಂಟಿ. ನನ್ನ ಅಡಿಗೆಮನೆ ಬಾಗಿಲಲ್ಲಿ ನಿಂತು ಪುಟ ತೋರಿಸಿ, "ಎಂಥಾ ಹೆಂಗ್ಸು ನೋಡು ಇವ್ಳು. ಬಾಡಿಗೆಗೆ ಕೊಟ್ಮೇಲೆ ಮುಗೀತು, ಹಿಂದ್ಹಿಂದೆ ಹೋಗಿ ಲೈಟ್ ಆರ್ಸೋದೇನು?" ಅನ್ನುತ್ತಲೇ ಕೈ ಚಾಚಿ ನನ್ನ ಬಚ್ಚಲಿನ ಲೈಟ್ ಆರಿಸಿದರು. ನಾನು ಅವರು ಕೆಳಗೆ ಇಳಿಯುವ ತನಕ ತಡೆದುಕೊಂಡಿದ್ದು, ಆಮೇಲೆ ದಿಂಬಿಗೆ ಮುಖ ಒತ್ತಿ ನಕ್ಕೆ. ಅದನ್ನೂ ಮುಂದಿನ ವಾರ ಬಿಡಿಸಿದೆ. ಮದಾಮ್ ಮೇಲಿನ ಕೋಪಕ್ಕೆ ಅವರು ನನಗೆ ಮಾಡುವ ಉಪಚಾರ ಹೆಚ್ಚಾಯಿತು. ಹಾಗಲಕಾಯಿ ಗೊಜ್ಜು, ಅವರೆಕಾಳು ಉಪ್ಪಿಟ್ಟು, ಒಮ್ಮೊಮ್ಮೆ ಬರೀ ಬಿಸಿ ಅನ್ನ ತಿಳಿಸಾರು. ಪರದೇಶದಲ್ಲಿ ಒಂಟಿಯಾಗಿರುವ ಹುಡುಗಿಗೆ ಕೊಡಲಾಗದ್ದನ್ನು ಇಲ್ಲಿ ಒಂಟಿಯಾಗಿರುವ ನನಗೆ ಕೊಡುತ್ತಿದ್ದರು. ನಾನು ನಾಚಿಕೆಯಿಲ್ಲದೆ ತಿನ್ನುತ್ತಿದ್ದೆ. ಆ ದಿನಗಳಲ್ಲಿ ನನ್ನ ಜೊತೆ ಮುಖ ಕೊಟ್ಟು ಮಾತಾಡುತ್ತಿದ್ದವರು ಅವರೊಬ್ಬರೇ…

ಒಂದು ಬೆಳಿಗ್ಗೆ ಕೊತ್ತಂಬರಿ ಸೊಪ್ಪು ಕೊಡಲು ಕೆಳಗೆ ಹೋದಾಗ ಅವರ ಅಡಿಗೆಮನೆಯ ಕಟ್ಟೆಯ ಮೇಲೆ ಎರಡು ಲೋಟ ಕಾಫಿ ಇತ್ತು. ಯಾರಾದರೂ ಬಂದಿದ್ದಾರಾ ಆಂಟಿ, ಅಂದೆ. ಇಲ್ಲ ಕಣೇ, ಅಂದರು. ಸ್ವಲ್ಪ ಹೊತ್ತು ಸೊಪ್ಪಿನ ಬೇರು ಮುರಿಯುತ್ತಾ ಇದ್ದು, ಅಂಕಲ್ ತೀರಿಹೋಗಿ ಎಷ್ಟೋ ವರ್ಷವಾದರೂ ಬೆಳಿಗ್ಗೆ ಕೈ ತಾನಾಗಿ ಎರಡು ಲೋಟಕ್ಕೆ ಬೆರೆಸಿಬಿಡುತ್ತದೆ ಅಂದರು. "ಏನ್ ಮಾಡ್ಲಿ, ಎರಡೂ ನಾನೇ ಕುಡೀತೀನಿ. ಯಾರಿಗೂ ಹೇಳ್ಬೇಡ, ಮಳ್ಳು ಅಂತಾರೆ." ಇಬ್ಬರೂ ನಕ್ಕೆವು. ಮೇಲೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಚಿತ್ರದ ಚೌಕಗಳು ಬಿದ್ದಾಗಿತ್ತು.

ನಾನು ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ಮದಾಮ್‌ಳನ್ನು ಇಷ್ಟು ದಿನ ಆಡಿಕೊಂಡದ್ದು ಸಾಕು, ಒಂದು ವಾರ ಅವಳಿಗೂ ಮರ್ಯಾದೆ ಕೊಡೋಣ ಅನ್ನಿಸಿತ್ತು. ಮಾತಿಲ್ಲದ ನಾಲ್ಕು ಚಿತ್ರ. ಮದಾಮ್ ಎರಡು ಕಪ್ಪಿಗೆ ಕಾಫಿ ಸುರಿಯುತ್ತಾಳೆ. ಎದುರಿನ ಕುರ್ಚಿ ಖಾಲಿ. ಮದಾಮ್ ತನ್ನದು ಕುಡಿಯುತ್ತಾಳೆ. ಮದಾಮ್ ಇನ್ನೊಂದನ್ನೂ ಕುಡಿಯುತ್ತಾಳೆ. ಅಷ್ಟು ಒಳ್ಳೆಯ ಪುಟ ನಾನು ಅದುವರೆಗೆ ಬಿಡಿಸಿರಲಿಲ್ಲ, ಆಮೇಲೂ ಬಿಡಿಸಿಲ್ಲ. ಕಳಿಸಿದ ದಿನ ಖುಷಿಗೆ ಒಬ್ಬಳೇ ಗಾಂಧಿ ಬಜಾರಿನ ತನಕ ನಡೆದು ಹೋಗಿ ದೋಸೆ ತಿಂದು ಬಂದೆ.

ಪತ್ರಿಕೆ ಬಂದ ದಿನ ಆಂಟಿ ಮೇಲೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅದರ ಮಾರನೇ ದಿನ ಮಧ್ಯಾಹ್ನ ಬಂದರು. ಕೈಯಲ್ಲಿ ಪತ್ರಿಕೆ ಇರಲಿಲ್ಲ. ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಂಡರು. ಮೇಜಿನ ಮೇಲೆ ಮುಂದಿನ ವಾರದ ಅರ್ಧ ಬಿಡಿಸಿದ ಪುಟ ಹರಡಿಕೊಂಡಿತ್ತು. ಮುಚ್ಚಲು ನಾನು ಹೋಗಲಿಲ್ಲ.

"ಅವಳು ನೀನೇನಾ?" ಅಂದರು.

ಹೂಂ ಆಂಟಿ, ಅಂದೆ.

"ಹಂಗಾದ್ರೆ ಆ ಹುಡುಗಿ ಅಲ್ಲಿಲ್ವಾ?"

ಇಲ್ಲ, ಬಂದು ಒಂದು ವರ್ಷವಾಯಿತು, ಅಂದೆ. ಬೈಗುಳಕ್ಕೆ ಸಿದ್ಧಳಾಗಿ ನೆಲ ನೋಡುತ್ತಾ ನಿಂತಿದ್ದೆ. ಅವರು ಉಸಿರು ಬಿಟ್ಟರು. "ಸದ್ಯ. ಆ ಚಳೀಲಿ ಒಬ್ಳೇ ಇದಾಳೆ ಅಂತ ನಂಗೆ ಒಂದೇ ಯೋಚ್ನೆ ಆಗಿತ್ತು," ಅಂದರು.

ಇಷ್ಟು ಹೇಳಿ ಅವರು ಎದ್ದು ಹೋಗಿದ್ದರೂ ನನಗೆ ಜನ್ಮಕ್ಕೆ ಸಾಕಾಗುವಷ್ಟು ಆಗುತ್ತಿತ್ತು. ಅವರು ಏಳಲಿಲ್ಲ. ಯೋಚನೆ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. "ಅಂದ್ರೆ ಆ ಲೈಟ್ ಆರ್ಸೋಳು… ಪರದೆ ಸರ್ಸಿ ನೋಡೋಳು…" ಅಂದು ನಿಲ್ಲಿಸಿದರು. "ನಾನು ಅವಳನ್ನ ಎಷ್ಟೊಂದು ಬೈದ್ಬಿಟ್ಟೆ ಅಲ್ವಾ," ಅಂದರು. ನಗಲು ನೋಡಿದರು, ಬರಲಿಲ್ಲ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ತಪ್ಪಾಯಿತು ಆಂಟಿ ಅನ್ನಬೇಕಿತ್ತು. ಬಾಯಿ ಬಾರದೆ ಬ್ರೆಡ್ ಅಂಗಡಿಯಲ್ಲಿ ನಿಲ್ಲುತ್ತಿದ್ದವಳು ಕನ್ನಡದ ಎದುರೂ ಹಾಗೇ ನಿಂತೆ.

ಆಮೇಲೆ ಅವರು ಹೇಳಿದ್ದು, ಇವತ್ತಿಗೂ ಅವರ ದನಿಯಲ್ಲೇ ಕೇಳಿಸುತ್ತದೆ. "ಆ ಕಾಫೀದು ನೀನು ಹಾಕಿದ್ದು ತಪ್ಪು ಕಣೇ. ನಾನು ಎರಡನೇ ಲೋಟ ಕುಡಿಯಲ್ಲ. ಅದು ಆರಿ ಕೆನೆ ಕಟ್ಟೋ ತನಕ ಕೂತಿರ್ತೀನಿ, ಆಮೇಲೆ ಸಿಂಕಿಗೆ ಚೆಲ್ತೀನಿ. ದಿನಾ. ಕುಡಿದ್ರೆ ಅವರ ಪಾಲು ನಾನು ಕುಡ್ದಂಗಾಗುತ್ತೆ. ಊರೋರ ನೀರು ಲೈಟು ಕಾಯೋಳು ದಿನಾ ಒಂದು ಲೋಟ ಹಾಲು ಚೆಲ್ತಾಳೆ ಅಂದ್ರೆ ನೀನೇನಂದ್ಕೋತೀಯೋ ಅಂತ ಆವತ್ತು ಸುಳ್ಳು ಹೇಳ್ದೆ."

ತಪ್ಪು ಮಾಡಿದವಳು ನಾನು, ನಾಚಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದವರು ಅವರು. ಎದ್ದು ನಿಂತು, "ಇದನ್ನ ಮಾತ್ರ ಎಲ್ಲೂ ಹಾಕ್ಬೇಡ," ಅಂದರು. ಇಲ್ಲ ಆಂಟಿ, ಹಾಕಲ್ಲ, ಅಂದೆ. ಆ ದಿನ ನಾನು ಆಡಿದ ಕೊನೆಯ ಮಾತು ಅದೇ.

ಅದಾದ ಮೇಲೆ ಜಗಳವಿಲ್ಲ, ಮುನಿಸಿಲ್ಲ. ಗೊಜ್ಜು ಬರುತ್ತಿತ್ತು. ಆದರೆ ಮೇಲೆ ಬರುವ ಮುಂಚೆ ಕೆಳಗಿನ ಮೆಟ್ಟಿಲಲ್ಲೇ ನಿಂತು, ಬರಬಹುದೇನಮ್ಮ ಅಂತ ಕೇಳುತ್ತಿದ್ದರು. ಬಂದರೆ ಸೊಪ್ಪಿನ ರೇಟು, ಬಿಸಿಲು, ಕಾವೇರಿ ನೀರು ಬಿಟ್ಟ ಹೊತ್ತು, ಇಂಥ ಮಾತು. ಹೊಸಬರ ಮುಂದೆ ಆಡುವಂಥವು. ಬಚ್ಚಲಿನ ಲೈಟು ಉರಿಯುತ್ತಿರುವುದು ಅವರಿಗೆ ಕಾಣುತ್ತಿತ್ತು, ಕೈ ಮುಂದಕ್ಕೆ ಬರುತ್ತಿರಲಿಲ್ಲ. ಒಂದು ದಿನ ಬೇಕೆಂದೇ ಮೋಟರ್ ಹಾಕಿ ಮರೆತವಳ ಹಾಗೆ ಕೂತೆ. ಟ್ಯಾಂಕು ತುಂಬಿ ತಾರಸಿಯೆಲ್ಲ ನೀರಾಗಿ ಗೋಡೆಯ ಮೇಲೆ ಇಳಿಯಿತು. ಕೆಳಗೆ ಬಾಗಿಲು ತೆರೆದ ಸದ್ದಾಯಿತು. ಬೈಯಲಿ ಅಂತ ಕಾದೆ. ಬಾಗಿಲು ಮತ್ತೆ ಹಾಕಿಕೊಂಡಿತು. ನಾನೇ ಹೋಗಿ ಆಫ್ ಮಾಡಿದೆ.

ಸಂಪಾದಕರಿಗೆ ಫೋನ್ ಮಾಡಿ ನಾನು ಬ್ರಸೆಲ್ಸ್‌ನಲ್ಲಿಲ್ಲ ಅಂತ ಹೇಳಿಬಿಟ್ಟೆ. "ಅದಕ್ಕೇನಂತೆ, ಎಲ್ಲಿ ಕೂತು ಬಿಡಿಸಿದರೇನು, ಪುಟ ಟೈಮಿಗೆ ಬಂದರೆ ಸರಿ," ಅಂದರು. ಇದನ್ನು ಮುಚ್ಚಿಡಲು ನಾನು ಒಂದು ವರ್ಷ ಬಾಯಿ ಬಿಗಿದುಕೊಂಡಿದ್ದೆ. ಮದಾಮ್‌ಳನ್ನು ಮಗಳ ಊರಿಗೆ ಕಳಿಸಿ ಅವಳ ಕಥೆ ಮುಗಿಸಿದೆ. ಮುಂದಿನ ಬೇಸಿಗೆಗೆ ಜೆ.ಪಿ. ನಗರಕ್ಕೆ ಮನೆ ಬದಲಾಯಿಸಿದೆ. ಆಂಟಿ ಗೇಟಿನ ತನಕ ಬಂದು ಕುಂಕುಮ ಕೊಟ್ಟು, ಬರ್ತಾ ಇರಮ್ಮ ಅಂದರು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಾನು ಹೋಗಲಿಲ್ಲ. ಈ ವಾರ, ಮುಂದಿನ ವಾರ ಅಂದುಕೊಂಡದ್ದೇ ಆಯಿತು.

ಆ ನೀರಿನ ವಾಸನೆ ಬಡಿದ ದಿನ ಜಯನಗರದಿಂದ ನೇರ ಆಟೋ ಹತ್ತಿ ಗಿರಿನಗರಕ್ಕೆ ಹೋದೆ. ಮನೆ ಹಾಗೇ ಇದೆ. ಕೆಳಗೆ ಹಲ್ಲಿನ ಡಾಕ್ಟರ ಬೋರ್ಡು ಬಂದಿದೆ. ಪಕ್ಕದ ಮನೆಯವರು ಗುರುತು ಹಿಡಿದು, ಅವರು ಹೋಗಿ ವರ್ಷದ ಮೇಲಾಯ್ತಲ್ಲಮ್ಮ, ನಿಮಗೆ ಯಾರೂ ಹೇಳಲಿಲ್ವಾ ಅಂದರು. ಕೊನೆಯ ದಿನಗಳಲ್ಲಿ ಆ ಪತ್ರಿಕೆ ತರಿಸುತ್ತಿದ್ದರೋ ಇಲ್ಲವೋ ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

ವಾಪಸ್ಸು ಬಂದು ಅತ್ತುಬಿಟ್ಟೆ. ಅದು ನಿಜ. ಅತ್ತು ಮುಗಿದ ಮೇಲೆ, ಇನ್ನು ಅವರು ಓದುವುದಿಲ್ಲ ಅನ್ನುವುದು ಹೊಳೆಯಿತು. ಅದೂ ನಿಜ. ಎಲ್ಲೂ ಹಾಕಬೇಡ ಅಂದಿದ್ದನ್ನು ಬರೆಯಲು ಕೂತೆ. ಇಷ್ಟು ದಿನ ಇಲ್ಲದ ಧೈರ್ಯ ಅವರು ಹೋದ ಸುದ್ದಿಯಿಂದ ಬಂತಲ್ಲ ಅಂತ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಬರೆದೆ. ಸಿಂಕಿಗೆ ಚೆಲ್ಲುವ ಮಾತು ಬರುವ ಕಡೆ ಎರಡು ಸಲ ಓದಿ ನೋಡಿ, ಒಂದು ಪದ ಸರಿಯಾಗಿಲ್ಲ ಅನ್ನಿಸಿ, ತಿದ್ದಿದೆ.