ಏಳು ಹೆಜ್ಜೆಯ ಜಗಲಿ

ಕಳೆದ ಭಾನುವಾರ ದುದ್ದದಲ್ಲಿ ನನಗೆ ಒದೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಕಾರಣ ರಾಜಕೀಯವಲ್ಲ, ಹೊಲದ ಬದುವಿನ ಜಗಳವೂ ಅಲ್ಲ. ಒಂದು ಕ್ಯಾಮೆರಾ ಲೆನ್ಸು.

ಬೊಂಬಾಯಿಯಲ್ಲಿರುವ ನನ್ನ ಭಾವ ರಜಕ್ಕೆ ಮಂಡ್ಯಕ್ಕೆ ಬಂದವರು ಅದನ್ನು ನನ್ನ ಕೈಗಿಟ್ಟು, 'ಒಂದು ತಿಂಗಳು ಆಟ ಆಡ್ಕೋ' ಅಂದಿದ್ದರು. ಇಪ್ಪತ್ತು ಎಂ.ಎಂ., ಅಲ್ಟ್ರಾ ವೈಡ್. ಮುಂದಿನ ಗಾಜು ಎಮ್ಮೆ ಕಣ್ಣಿನ ಹಾಗೆ ಉಬ್ಬಿದೆ. ಹತ್ತಿರದ್ದನ್ನು ಹಿಗ್ಗಿಸುತ್ತದೆ, ದೂರದ್ದನ್ನು ಇನ್ನೂ ದೂರ ತಳ್ಳುತ್ತದೆ. ಮೊದಲು ನಮ್ಮ ಬಚ್ಚಲುಮನೆಯ ಫೋಟೋ ತೆಗೆದೆ. ಪ್ರಿಂಟ್ ನೋಡಿದ ನನ್ನ ಹೆಂಡತಿ, 'ಇದು ಯಾವ ಊರಿನ ಛತ್ರ?' ಅಂದಳು. ಇಂಥ ವಸ್ತು ಕೈಗೆ ಸಿಕ್ಕ ಮೇಲೆ ಹೈಸ್ಕೂಲು ಮೇಷ್ಟರಾದವನು ಸುಮ್ಮನೆ ಕೂರುತ್ತಾನೆಯೇ?

ದುದ್ದದ ಪುಟ್ಟೇಗೌಡರು ನನ್ನ ಹಳೇ ಸ್ನೇಹಿತರು. ಮಗಳು ಜಯಮ್ಮನ ಫೋಟೋ ಬೆಳಕವಾಡಿಯ ಗಂಡಿನ ಮನೆಗೆ ಕಳಿಸಬೇಕಿತ್ತು. ಎರಡು ಸಂಬಂಧ ಆಗಲೇ ತಪ್ಪಿಹೋಗಿ, ಇದಾದರೂ ಕೂಡಿ ಬರಲಪ್ಪ ಅಂತ ಮನೆಯವರೆಲ್ಲ ಕಾಯುತ್ತಿದ್ದರು. ನಾನು ಜಗಲಿಯ ತುದಿಯ ಗೋಡೆಗೆ ಬೆನ್ನು ಆನಿಸಿ, ಹುಡುಗಿಯನ್ನು ನಟ್ಟನಡುವೆ ನಿಲ್ಲಿಸಿ (ಅಂಚಿಗೆ ನಿಲ್ಲಿಸಿದರೆ ಈ ಲೆನ್ಸು ಮುಖವನ್ನು ಹಲಸಿನಹಣ್ಣು ಮಾಡುತ್ತದೆ) ಕ್ಲಿಕ್ ಮಾಡಿದೆ.

ಪುಟ್ಟೇಗೌಡರು ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದರು. 'ಇದು ನಮ್ಮನೇನಾ ಮೇಷ್ಟ್ರೇ?' ಅಂದರು. ಹೌದು ಅಂದೆ. ಅವತ್ತೇ ಪೋಸ್ಟ್ ಮಾಡಿಬಿಟ್ಟರು. (ನನಗೆ ಆಗಲೇ ಅನುಮಾನ ಬರಬೇಕಿತ್ತು.)

ಭಾನುವಾರ ಹೆಣ್ಣು ನೋಡಲು ಆರೆಂಟು ಜನ ಬರಬೇಕಿತ್ತು. ಒಂದು ಲಾರಿ ಬಂತು. ಅದರಿಂದ ಜನ ಇಳಿದರು, ಇಳಿಯುತ್ತಲೇ ಇದ್ದರು. ಗಂಡಿನ ಅಪ್ಪ ಸಿದ್ದೇಗೌಡರ ವಿವರಣೆ ಸರಳವಾಗಿತ್ತು: 'ಅಷ್ಟುದ್ದ ಜಗಲಿ ಇರೋರ ಮನ್ಗೆ ನಾಕು ಜನ ಬಂದ್ರೆ ಮರ್ವಾದೆ ಕಳ್ದಂಗಾಯ್ತದೆ ಅಂತ ಎಲ್ರನ್ನೂ ಕರ್ಕಂಡ್ ಬಂದೋ.'

ಜಗಲಿ ಹತ್ತೇ ಜನಕ್ಕೆ ತುಂಬಿತು. ಉಳಿದವರು ಕೊಟ್ಟಿಗೆಯಲ್ಲಿ ಎತ್ತುಗಳ ಜೊತೆ ನಿಂತರು. ಉಪ್ಪಿಟ್ಟು ಅಲ್ಲಿಯವರೆಗೆ ತಲುಪಲೇ ಇಲ್ಲ.

ಸಿದ್ದೇಗೌಡರು ಜೇಬಿನಿಂದ ಫೋಟೋ ತೆಗೆದರು. ಜಗಲಿ ನೋಡಿದರು. ಫೋಟೋ ನೋಡಿದರು. ಆಮೇಲೆ ಎದ್ದು, ಕೂತವರನ್ನು ಸರಿಸುತ್ತ, ಆ ತುದಿಯಿಂದ ಈ ತುದಿಗೆ ಹೆಜ್ಜೆ ಹಾಕಿ ಅಳೆದರು.

'ಏಳೇ ಎಜ್ಜೆ. ಕಂಬ ನಾಕೂ ಸರ್ಯಾಗವೆ. ಮಧ್ಯದ ಜಾಗ ಒತ್ತುವರಿ ಮಾಡ್ಕಂಡೋರು ಯಾರು?'

ಎಲ್ಲರೂ ನನ್ನನ್ನು ನೋಡಿದರು. ಪುಟ್ಟೇಗೌಡರು ಕೂಡ (ದ್ರೋಹಿ). ನಾನು ಫೋಕಲ್ ಲೆಂಗ್ತ್ ಅಂದರೇನು ಅಂತ ಪಾಠ ಶುರು ಮಾಡಿದೆ. ಕೊಟ್ಟಿಗೆಯಿಂದ ಯಾರೋ ಹಸಿದವರು, 'ಆ ಫೋಟೋದೋನ್ನ ವಸಿ ಇತ್ಲಾಗ್ ಕಳಿಸ್ರಲಾ' ಅಂದರು. ಬಾಯಿ ಮುಚ್ಚಿದೆ. ನಿಜ ಹೇಳುತ್ತೇನೆ, ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಾಯಿಯ ಮುಖ ನೋಡಿ ನನಗೆ ಭೂಮಿಗಿಳಿದು ಹೋದಂತಾಯಿತು. ನನ್ನ ಶೋಕಿಗೆ ಮೂರನೇ ಸಂಬಂಧವೂ ಮುರಿಯುತ್ತಿತ್ತು.

'ನಡೀರಿ, ಸುಳ್ಳೇಳೋರ ಸಂಬಂಧ ನಮ್ಗೆ ಬ್ಯಾಡ' ಅಂತ ಸಿದ್ದೇಗೌಡರು ಟವೆಲ್ ಕೊಡವಿ ಹೆಗಲಿಗೆ ಹಾಕಿದರು.

ಆಗ ಜಯಮ್ಮ ಒಳಗಿನಿಂದ ಬಂದಳು. ಕೈಯಲ್ಲಿ ಅವರು ಕಳಿಸಿದ್ದ ಗಂಡಿನ ಫೋಟೋ. ಮಳವಳ್ಳಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಅಪ್ಪ ಮಗ ಪಕ್ಕಪಕ್ಕ ನಿಂತಿದ್ದಾರೆ, ಮೊಣಕಾಲಿನವರೆಗೆ ಮಾತ್ರ ಕಾಣುತ್ತದೆ. ಜಗಲಿಯ ಕೆಳಗೆ ನಿಂತಿದ್ದ ನಿಜವಾದ ಗಂಡು ಅಪ್ಪನ ಭುಜಕ್ಕೆ ಬರುತ್ತಿದ್ದ.

'ದೊಡ್ಡೋರು ಬೇಜಾರು ಮಾಡ್ಕಬಾರ್ದು' ಅಂದಳು. 'ಇದ್ರಲ್ಲಿ ಇವ್ರು ನಿಮ್ಗಿಂತ ಗೇಣುದ್ದ ಎತ್ರಕ್ಕವ್ರೆ. ಕಾಲಡೀಲಿದ್ದ ಮಣೇನೂ ಲಾರೀಲಿ ತಂದಿದ್ದೀರಾ?'

ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸದಲ್ಲಿರುವ ಗಂಡು ತಲೆ ಕೆರೆದುಕೊಂಡ. 'ಮಣೆ ಅಲ್ಲ, ಸ್ಟೂಲು. ಸ್ಟುಡಿಯೋದೋರ್ದು. ಅಲ್ಲೇ ಬುಟ್ಟು ಬಂದೆ.'

ಮೊದಲು ನಕ್ಕವರು ಗಂಡಿನ ತಾಯಿ. ಆಮೇಲೆ ಇಡೀ ಕೊಟ್ಟಿಗೆ. ಸಿದ್ದೇಗೌಡರು ಮೀಸೆಯಡಿ ಎಷ್ಟು ಹೊತ್ತು ತಡೆದಾರು? ಹೊತ್ತು ಇಳಿಯುವುದರೊಳಗೆ ಎಲೆ ಅಡಿಕೆ ಬದಲಾಯಿಸಿಕೊಂಡರು.

ಲಾರಿ ಹೊರಡುವ ಮುಂಚೆ ಸಿದ್ದೇಗೌಡರು ನನ್ನನ್ನು ಹಿಂದಿನ ಚಕ್ರದ ಮರೆಗೆ ಕರೆದರು. ಬೀಳಬೇಕಾದ ಒದೆ ಈಗ ಬಿತ್ತು ಅಂದುಕೊಂಡೆ.

'ಮೇಷ್ಟ್ರೇ, ಆ ಲೆನ್ಸು ಇನ್ನೂ ಎಷ್ಟು ದಿನ ನಿಮ್ತಾವ ಇರ್ತದೆ?'

'ಯಾಕೆ ಗೌಡ್ರೇ?'

ಅತ್ತಿತ್ತ ನೋಡಿ ದನಿ ತಗ್ಗಿಸಿದರು. 'ನಮ್ಮನೆ ಜಗಲಿ ಐದೇ ಎಜ್ಜೆ. ಮಗಳು ಮದ್ವೆಗ್ ಬಂದವ್ಳೆ.'